ಇ-ಮೇಲ್ ಸಂಗ್ರಹದ ಸ್ಥಳಾಂತರ

ಒಂದು ಮೇಲ್ ತಂತ್ರಾಂಶದಲ್ಲಿ ಕೂಡಿಟ್ಟ ಪತ್ರಗಳನ್ನು ದಿನಾಂಕ, ಫೋಲ್ಡರ್, ಲಗತ್ತು, ಓದಿದ ಗುರುತುಗಳ ಸಮೇತ ಇನ್ನೊಂದಕ್ಕೆ ಸಾಗಿಸುವ ಕೆಲಸವಿದು. ಪತ್ರ ಕಳಿಸುವ ರೀತಿಯ ಬಗ್ಗೆ ಎಂಜಿನಿಯರುಗಳು ಬೇಗ ಒಮ್ಮತಕ್ಕೆ ಬಂದರು. ಪತ್ರದ ತಲೆಸಾಲುಗಳು ಹೇಗಿರಬೇಕೆಂದು 1982ರ ಆರ್‌ಎಫ್‌ಸಿ 822 ಎಂಬ ಇಂಟರ್ನೆಟ್ ಮಾನದಂಡ ನಿಗದಿ ಮಾಡಿತು. ಬಂದ ಪತ್ರವನ್ನು ಡಿಸ್ಕಿನಲ್ಲಿ ಹೇಗೆ ಇಡಬೇಕೆಂಬುದಕ್ಕೆ ಮಾತ್ರ ಅಂಥ ಕಟ್ಟಳೆ ಬರಲಿಲ್ಲ. ಆಯಾ ತಂತ್ರಾಂಶದವರು ತಮಗೆ ತೋಚಿದಂತೆ ಇಟ್ಟರು. ಸಾಗಿಸುವವರ ಪಾಡೆಲ್ಲ ಶುರುವಾದದ್ದು ಅಲ್ಲಿಂದ.

ಹಳೆಯ ಪದ್ಧತಿ ಎಂಬಾಕ್ಸ್. ಯುನಿಕ್ಸ್ ಯಂತ್ರಗಳಲ್ಲಿ ಬೆಳೆದ ಈ ಪದ್ಧತಿಯಲ್ಲಿ ಒಂದು ಫೋಲ್ಡರಿನ ಪತ್ರಗಳೆಲ್ಲ ಒಂದೇ ಪಠ್ಯ ಕಡತದಲ್ಲಿ ಒಂದರ ಕೆಳಗೊಂದು ಕೂತಿರುತ್ತವೆ. ಸಾಲಿನ ಮೊದಲಿಗೆ ‘ಫ್ರಮ್’ ಎಂಬ ಇಂಗ್ಲಿಷ್ ಪದ, ಅದರ ಬೆನ್ನಿಗೆ ಒಂದು ಖಾಲಿ ಜಾಗ ಕಂಡರೆ ಹೊಸ ಪತ್ರ ಶುರುವಾಯಿತೆಂದು ಲೆಕ್ಕ. ಆದರೆ ಪತ್ರದ ಒಳಗಿನ ಸಾಲೂ ಅದೇ ಪದದಿಂದ ಶುರುವಾಗಬಹುದಲ್ಲ! ಪತ್ರ ಅಲ್ಲಿಗೇ ತುಂಡಾಗದಿರಲೆಂದು ತಂತ್ರಾಂಶ ಆ ಪದದ ಮುಂದೆ ‘>’ ಚಿಹ್ನೆಯೊಂದನ್ನು ತುರುಕುತ್ತಿತ್ತು. ಹೊರತೆಗೆಯುವಾಗ ಅದನ್ನು ಕೀಳಬೇಕೋ ಬಿಡಬೇಕೋ ಎಂಬಲ್ಲಿ ದಾರಿಗಳು ಬೇರೆಯಾದವು. ಎಂಬಾಕ್ಸ್‌ಒ, ಎಂಬಾಕ್ಸ್‌ಆರ್‌ಡಿ, ಎಂಬಾಕ್ಸ್‌ಸಿಎಲ್ ಎಂಬ ಕವಲುಗಳು ಈ ತೊಡಕಿನ ಸುತ್ತಲೇ ಹುಟ್ಟಿದವು. 2005ರಲ್ಲಿ ಆರ್‌ಎಫ್‌ಸಿ 4155 ಬಂದ ಮೇಲೂ ಕವಲುಗಳು ಒಂದಾಗಲಿಲ್ಲ. ಹಳೆಯ ಸಂಗ್ರಹ ತೆರೆದರೆ ಆ ಚಿಹ್ನೆ ಇವತ್ತಿಗೂ ಅಲ್ಲಲ್ಲಿ ಎದುರಾಗುತ್ತದೆ.

ಅಷ್ಟಾದರೂ ಎಂಬಾಕ್ಸ್ ಮಾಡಿದ ಉಪಕಾರ ದೊಡ್ಡದು. ಹುಟ್ಟಿಸಿದ ತಂತ್ರಾಂಶ ಸತ್ತರೂ ಪತ್ರಗಳನ್ನು ಸಾಮಾನ್ಯ ಎಡಿಟರಿನಲ್ಲಿ ತೆರೆದು ಓದಬಹುದು. ಯೂಡೋರಾದ ಕಥೆ ಇದಕ್ಕೆ ಸಾಕ್ಷಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡಾರ್ನರ್ 1988ರಲ್ಲಿ ಬರೆದ ಈ ತಂತ್ರಾಂಶ ಮುಂದೆ ಕ್ವಾಲ್‌ಕಾಮ್ ಕಂಪನಿಯ ಪಾಲಾಗಿ, 1990ರ ದಶಕದಲ್ಲಿ ಮನೆಮಾತಾಯಿತು. ಪತ್ರಗಳನ್ನು ಅದು ಎಂಬಾಕ್ಸ್‌ಗೆ ಹತ್ತಿರದ ರೂಪದಲ್ಲೇ ಇಡುತ್ತಿತ್ತು. ಲಗತ್ತುಗಳನ್ನು ಮಾತ್ರ ಬಿಡಿಸಿ ಬೇರೆ ಫೋಲ್ಡರಿಗೆ ಹಾಕಿ, ಪತ್ರದಲ್ಲಿ ಆ ಕಡತದ ವಿಳಾಸವನ್ನಷ್ಟೇ ಉಳಿಸುತ್ತಿತ್ತು. ಕಂಪ್ಯೂಟರ್ ಬದಲಾಯಿಸಿದವರ ಪತ್ರಗಳು ಬಂದವು, ಫೋಟೋಗಳು ಹಿಂದೆಯೇ ಉಳಿದವು. 2018ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಯೂಡೋರಾದ ಮೂಲ ಸಂಕೇತವನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು.

ಕ್ಯೂಮೇಲ್ ಎಂಬ ಮೇಲ್ ಸರ್ವರ್ ತಂತ್ರಾಂಶ ಬರೆದ ಡೇನಿಯಲ್ ಬರ್ನ್‌ಸ್ಟೀನ್ ರೂಪಿಸಿದ ಮೇಲ್‌ಡಿರ್ ಇನ್ನೊಂದು ದಾರಿ ಹಿಡಿಯಿತು: ಪತ್ರಕ್ಕೊಂದು ಕಡತ. ಓದಿದ್ದು, ಉತ್ತರಿಸಿದ್ದು ಎಂಬ ಗುರುತುಗಳು ಕಡತದ ಹೆಸರಿನಲ್ಲೇ ಒಂದು ಕೋಲನ್ ಚಿಹ್ನೆಯ ಆಚೆ ಇರುತ್ತವೆ. ವಿಂಡೋಸ್‌ನಲ್ಲಿ ಕಡತದ ಹೆಸರಿಗೆ ಕೋಲನ್ ನಿಷಿದ್ಧ. ಹೀಗಾಗಿ ಲಿನಕ್ಸ್‌ನಿಂದ ನೇರ ನಕಲು ಮಾಡಹೊರಟವರು ಅಲ್ಲೇ ಮುಗ್ಗರಿಸುತ್ತಾರೆ.

ಬೀಗ ಜಡಿದ ಪೆಟ್ಟಿಗೆಯಂತಿದ್ದದ್ದು ಮೈಕ್ರೋಸಾಫ್ಟ್ ಔಟ್‌ಲುಕ್‌ನ ಪಿಎಸ್‌ಟಿ. ಪತ್ರ, ವಿಳಾಸ, ಕ್ಯಾಲೆಂಡರ್ ಎಲ್ಲವೂ ಒಂದೇ ಬೈನರಿ ಕಡತದಲ್ಲಿ. ಹಳೆಯ ಪಿಎಸ್‌ಟಿಯ ಮಿತಿ 2 ಜಿಬಿ. ಅದನ್ನು ಮೀರಿದ ಕಡತ ತೆರೆಯದಂತಾದರೆ, ಮೈಕ್ರೋಸಾಫ್ಟ್ ಕೊಟ್ಟ ಉಪಕರಣ ಕಡತದ ಬಾಲ ಕತ್ತರಿಸಿ ಉಳಿದದ್ದನ್ನು ರಕ್ಷಿಸುತ್ತಿತ್ತು. ಕತ್ತರಿಸಿದ ಭಾಗದ ಪತ್ರಗಳು ಹೋದವೆಂದೇ ಲೆಕ್ಕ. ಔಟ್‌ಲುಕ್ 2003 ಯುನಿಕೋಡ್ ರೂಪದ ಹೊಸ ಪಿಎಸ್‌ಟಿ ತಂದು ಮಿತಿಯನ್ನು 20 ಜಿಬಿಗೆ ಏರಿಸಿತು. ಕಡತದ ಒಳರಚನೆಯ ವಿವರವನ್ನು ಕಂಪನಿ ಪ್ರಕಟಿಸಿದ್ದು 2010ರಲ್ಲಿ. ಅದಕ್ಕೆ ಮೊದಲೇ ಲಿಬ್‌ಪಿಎಸ್‌ಟಿ ಎಂಬ ತಂತ್ರಾಂಶ ಕಟ್ಟಿದ ಸ್ವಯಂಸೇವಕರು ಬೈಟುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಪಿಎಸ್‌ಟಿಯನ್ನು ಎಂಬಾಕ್ಸ್ ಆಗಿಸುವ ದಾರಿ ಕಂಡುಕೊಂಡಿದ್ದರು. ಈ ಇತಿಹಾಸದಲ್ಲಿ ಅವರ ಶ್ರಮಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಕಡತಗಳ ಗೋಜಲನ್ನೇ ಬಳಸಿ ಹೋಗುವ ದಾರಿ ಐಮ್ಯಾಪ್. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಈ ಶಿಷ್ಟಾಚಾರದಲ್ಲಿ ಪತ್ರಗಳು ಸರ್ವರ್‌ನಲ್ಲೇ ಇರುತ್ತವೆ, ಫೋಲ್ಡರುಗಳೂ ಅಲ್ಲಿಯೇ. ಇನ್‌ಬಾಕ್ಸ್ ಒಂದನ್ನೇ ಇಳಿಸಿಕೊಳ್ಳುವ ಪಾಪ್3ಗೆ ಈ ಅನುಕೂಲವಿಲ್ಲ. ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶದಲ್ಲಿ ಎರಡು ಖಾತೆ ತೆರೆದು ಒಂದರಿಂದ ಇನ್ನೊಂದಕ್ಕೆ ಪತ್ರಗಳನ್ನು ಎಳೆದು ಬಿಟ್ಟರೆ ಕೆಲಸವಾಯಿತು. ದೊಡ್ಡ ಸಂಗ್ರಹಗಳಿಗೆ ಗಿಲ್ ಲಾಮಿರಾಲ್ ಬರೆದ ಐಮ್ಯಾಪ್‌ಸಿಂಕ್ ಇದೆ. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಕಳಿಸಿದ ದಿನಾಂಕ ಪತ್ರದೊಳಗೇ ಇದ್ದರೆ, ಬಂದು ಸೇರಿದ ದಿನಾಂಕವನ್ನು ಸರ್ವರ್ ಬೇರೆಯಾಗಿ ಬರೆದಿಡುತ್ತದೆ. ಸಾಗಿಸುವ ತಂತ್ರಾಂಶ ಎರಡನೆಯದನ್ನು ಹೇಳದೆ ಪತ್ರ ಒಪ್ಪಿಸಿದರೆ, ಹತ್ತು ವರ್ಷದ ಪತ್ರಗಳೆಲ್ಲ ಇವತ್ತೇ ಬಂದಂತೆ ಕಾಣಬಹುದು.

ಬೆಂಗಳೂರಿನಲ್ಲಿ ಓದಿದ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರಲ್ಲಿ ಹಾಟ್‌ಮೇಲ್ ತೆರೆದ ಮೇಲೆ ಕೋಟ್ಯಂತರ ಜನರ ಪತ್ರಗಳು ಮನೆಯ ಡಿಸ್ಕ್ ಬಿಟ್ಟು ಕಂಪನಿಗಳ ಸರ್ವರ್ ಸೇರತೊಡಗಿದವು. 2004ರ ಏಪ್ರಿಲ್ 1ರಂದು 1 ಜಿಬಿ ಜಾಗದೊಂದಿಗೆ ಬಂದ ಜಿಮೇಲ್ ಯಾವುದನ್ನೂ ಅಳಿಸಬೇಕಿಲ್ಲ ಎಂಬ ರೂಢಿಯನ್ನೇ ಬೆಳೆಸಿತು. ಬಳಕೆದಾರರು ತಮ್ಮ ಮಾಹಿತಿ ಇಳಿಸಿಕೊಳ್ಳುವ ಗೂಗಲ್ ಟೇಕ್‌ಔಟ್ 2011ರಲ್ಲಿ ಶುರುವಾದರೂ ಜಿಮೇಲ್ ಅದಕ್ಕೆ ಸೇರಿದ್ದು 2013ರ ಡಿಸೆಂಬರಿನಲ್ಲಿ, ಅದೂ ಎಂಬಾಕ್ಸ್ ರೂಪದಲ್ಲೇ. ಜಿಮೇಲ್‌ನ ಲೇಬಲ್‌ಗಳು ಪತ್ರದ ತಲೆಸಾಲೊಂದರಲ್ಲಿ ಬಂದರೂ ಬಹುತೇಕ ತಂತ್ರಾಂಶಗಳು ಅದನ್ನು ಗಮನಿಸುವುದಿಲ್ಲ. 2018ರಲ್ಲಿ ಜಾರಿಗೆ ಬಂದ ಯುರೋಪಿನ ಜಿಡಿಪಿಆರ್ ಕಾನೂನು, ತನ್ನ 20ನೇ ವಿಧಿಯಲ್ಲಿ, ಸ್ವಂತ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಕೊಂಡೊಯ್ಯುವುದನ್ನು ಹಕ್ಕೆಂದೇ ಒಪ್ಪಿತು.

ಕನ್ನಡದ ಹಳೆಯ ಪತ್ರಗಳಿಗೆ ತಮ್ಮದೇ ಸಂಕಟವಿದೆ. ಯುನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹದಂಥ ತಂತ್ರಾಂಶಗಳ ಫಾಂಟುಗಳಲ್ಲಿ ಬರೆದ ಪತ್ರದೊಳಗೆ ಇರುವುದು ಲ್ಯಾಟಿನ್ ಸಂಕೇತಗಳು. ಫಾಂಟ್ ಇಲ್ಲದ ಕಡೆ ‘ಕನ್ನಡ’ ಎಂಬ ಪದ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಮತ್ತೊಮ್ಮೆ ಎ ಆಗಿ ಕಾಣುತ್ತದೆ. ಬೈಟುಗಳು ಹಾಗೇ ಬಂದಿದ್ದರೆ ಪರಿವರ್ತಕದಿಂದ ಕನ್ನಡವನ್ನು ಮರಳಿ ಪಡೆಯಬಹುದು. ಸಾಗಿಸುವ ತಂತ್ರಾಂಶ ಅವನ್ನು ಯುಟಿಎಫ್-8 ಎಂದು ತಪ್ಪು ತಿಳಿದರೆ, ಅರ್ಥವಾಗದ ಪ್ರತಿ ಬೈಟಿನ ಜಾಗದಲ್ಲೂ ಒಂದೇ ಪ್ರಶ್ನಾರ್ಥಕ ಗುರುತು ಕೂರಿಸಿಬಿಡುತ್ತದೆ. ಆಮೇಲೆ ಯಾವ ಪರಿವರ್ತಕಕ್ಕೂ ಕೈಯಾಡಿಸಲು ಏನೂ ಉಳಿಯದು. ಇಂಗ್ಲಿಷ್, ಕನ್ನಡ ಬೆರೆತ ಪತ್ರ ಎಚ್‌ಟಿಎಂಎಲ್‌ನಲ್ಲಿದ್ದರೆ ಫಾಂಟಿನ ಹೆಸರು ನೋಡಿ ಎರಡನ್ನೂ ಬೇರ್ಪಡಿಸಬಹುದು. ಬರೀ ಪಠ್ಯವಾಗಿದ್ದರೆ ಕನ್ನಡ ಎಲ್ಲಿಂದ ಎಲ್ಲಿಯವರೆಗೆ ಎಂದು ಒಬ್ಬರು ಕೂತು ಸಾಲುಸಾಲಾಗಿ ಗುರುತು ಹಾಕಬೇಕು.