ನೃಪತುಂಗನ ಕಾಲದ ಅಂಕಿಯ ಹಾರ

ನೃಪತುಂಗನೆಂದೊಡನೆ ಕನ್ನಡಿಗರಿಗೆ ‘ಕವಿರಾಜಮಾರ್ಗ’ವು ನೆನಪಾಗುವುದು ಸಹಜ. ಆ ರಾಷ್ಟ್ರಕೂಟ ದೊರೆಯ ಆಳ್ವಿಕೆಯಲ್ಲಿಯೇ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಅದರ ಆರಂಭದಲ್ಲಿ ದೊರೆಯನ್ನು ಕೊಂಡಾಡಿದನು. ಕಾಶಿಯಲ್ಲಿ ಓದುತ್ತಿರುವ ನಮ್ಮ ಮಕ್ಕಳು ಆರ್ಯಭಟ, ಭಾಸ್ಕರರ ಹೆಸರನ್ನು ಥಟ್ಟನೆ ಹೇಳುತ್ತಾರೆ; ಈ ಆಚಾರ್ಯನ ಹೆಸರು ಮಾತ್ರ ಅವರ ಬಾಯಿಗೆ ಬರುವುದಿಲ್ಲ. ಹಿರಿಯರಾದ ನಮಗಾದರೂ ಬರುತ್ತದೆಯೆ?

ಗುಣಾಕಾರದ ಪ್ರಕರಣದಲ್ಲಿ ಆತನು 27994681ನ್ನು 441ರಿಂದ ಗುಣಿಸಲು ಹೇಳುತ್ತಾನೆ. ನೋಡುವುದಕ್ಕೆ ಒರಟು ಲೆಕ್ಕ. ಬರುವ ಉತ್ತರ 12345654321, ಎಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆಯಿದು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಆಚಾರ್ಯನು ಕೊರಳ ಹಾರಕ್ಕೆ ಹೋಲಿಸಿದ್ದಾನೆ.

ಹಾರದ ದಾರವನ್ನು ಹುಡುಕೋಣ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದ್ದರಿಂದ ನಮ್ಮ ಹಾರವು ಆರು ಒಂದುಗಳ ವರ್ಗವಲ್ಲದೆ ಬೇರೆಯಲ್ಲ. ಕಾಗದದ ಮೇಲೆ 111111ನ್ನು ಆರು ಸಾಲು, ಪ್ರತಿ ಸಾಲನ್ನೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆದು ಕೂಡಿ ನೋಡಿ: ನಡುವಣ ಕಂಬದಲ್ಲಿ ಆರು ಒಂದುಗಳು, ಎರಡು ಕಡೆಗೂ ಐದು, ನಾಲ್ಕು ಎಂದು ಇಳಿಯುತ್ತ ತುದಿಯಲ್ಲಿ ಒಂದೊಂದು. ಎಲ್ಲಿಯೂ ದಶಕ ಏರಿಸಬೇಕಾಗಿಲ್ಲ. ಒಂಬತ್ತು ಒಂದುಗಳವರೆಗೆ ಹೀಗೆಯೇ ನಡೆಯುತ್ತದೆ. ಹತ್ತು ಒಂದುಗಳಾದರೆ ನಡುವಣ ಕಂಬದ ಮೊತ್ತ ಹತ್ತಾಗಿ, ದಶಕ ಏರಿ, ಹಾರ ಹರಿಯುತ್ತದೆ. ಆ ಒಂಬತ್ತು ಒಂದುಗಳನ್ನೂ ಆಚಾರ್ಯನು ಬಿಟ್ಟಿಲ್ಲ. ಅವನ ಇನ್ನೊಂದು ಲೆಕ್ಕದಲ್ಲಿ 12345679ನ್ನು 9ರಿಂದ ಗುಣಿಸಿದರೆ ಬರುವುದು ಅದೇ 111111111. (ಗುಣ್ಯದಲ್ಲಿ 8 ಇಲ್ಲದಿರುವುದನ್ನು ಮಕ್ಕಳಿಗೆ ತೋರಿಸಿರಿ!)

ಇದು ಬರಿಯ ವಿನೋದವೆಂದು ತಳ್ಳಿಹಾಕುವುದು ನಮಗೆ ಒಪ್ಪಿಗೆಯಿಲ್ಲ. ಬ್ಯಾಂಕಿನಲ್ಲಿ ಲೆಡ್ಜರು ಹೋಗಿ ಕಂಪ್ಯೂಟರು ಬಂದಿದ್ದರೂ, ಮೊತ್ತ ತಾಳೆಯಾದಾಗಿನ ನೆಮ್ಮದಿ ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ಗೊತ್ತು. ಗುಣಾಕಾರ ಕಲಿಯುವ ಹುಡುಗನು ಎಲ್ಲಿಯಾದರೂ ಒಂದಂಕಿ ತಪ್ಪಿದರೆ ಹಾರ ಸೊಟ್ಟಗಾಗುತ್ತದೆ. ಉತ್ತರವೇ ಲೆಕ್ಕ ತಪ್ಪಿತೆಂದು ಸಾರುತ್ತದೆ. ಆಚಾರ್ಯನು ಇಂಥ ಅಂಕಿಗಳನ್ನೇ ಆಯ್ದುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನಮ್ಮ ಊಹೆ.

ಅವನು ಏಕೆ ಮರೆಗೆ ಸರಿದನು? ಕೋಲ್‌ಬ್ರೂಕನು 1817ರಲ್ಲಿ ಬ್ರಹ್ಮಗುಪ್ತ, ಭಾಸ್ಕರರ ಗಣಿತವನ್ನು ಇಂಗ್ಲಿಷಿಗೆ ತಂದನು. ನಮ್ಮ ಈ ಕಾಶಿಯ ಸಂಸ್ಕೃತ ಕಾಲೇಜಿನ ಪಂಡಿತ ಸುಧಾಕರ ದ್ವಿವೇದಿಯವರು 1902ರಲ್ಲಿ ಬ್ರಹ್ಮಗುಪ್ತನ ಗ್ರಂಥವನ್ನು ಸಂಪಾದಿಸಿದರು. ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸುವ ಹೊತ್ತಿಗೆ 1912 ಆಗಿತ್ತು. ಅದಕ್ಕೆ ಕನ್ನಡ ಲಿಪಿಯ ಹಸ್ತಪ್ರತಿಗಳೂ ಒದಗಿದ್ದವು. ತೆಲುಗರಾದರೋ ಹನ್ನೊಂದನೆಯ ಶತಮಾನದಲ್ಲಿಯೇ, ಪಾವುಲೂರಿ ಮಲ್ಲನನ ಮೂಲಕ, ಇದನ್ನು ತಮ್ಮ ನುಡಿಗೆ ತಂದುಕೊಂಡಿದ್ದರು. ಕನ್ನಡ ಅನುವಾದ ಸಹಿತವಾದ ಡಾ. ಪದ್ಮಾವತಮ್ಮನವರ ಆವೃತ್ತಿಯು ಹೊಂಬುಜ ಮಠದಿಂದ ಪ್ರಕಟವಾದುದು 2000ದಲ್ಲಿ.

ಆ ಪುಸ್ತಕವು ನಮ್ಮ ಸಂಘದ ಕಪಾಟಿಗೆ ಬರಬೇಕು. ಅಲ್ಲಿಯವರೆಗೆ ಈ ಸಂಚಿಕೆಯನ್ನು ಓದುವ ಮಕ್ಕಳಿಗೆ ಆಚಾರ್ಯನದೇ ಒಂದು ಸಣ್ಣ ಲೆಕ್ಕ: 139ನ್ನು 109ರಿಂದ ಗುಣಿಸಿರಿ.