‘ಬಂತಾ?’ ಎಂಬ ಪ್ರಶ್ನೆಯ ಚರಿತ್ರೆ

ಮಾಲೇಕಲ್ಲಿನ ನಮ್ಮ ಕೇರಿಯಲ್ಲಿ ಓದುವ ಹುಡುಗರನ್ನು ಯಾರಾದರೂ “ಬಂತಾ?” ಎಂದು ಕೇಳಿದರೆ, ಏನು ಬಂತಾ ಎಂದು ಮರುಪ್ರಶ್ನೆ ಹಾಕುವವರಿಲ್ಲ. ಮಳೆಯಲ್ಲ, ಬಸ್ಸಲ್ಲ; ಸ್ಕಾಲರ್‌ಶಿಪ್ಪು. ನಾನು ಅರಸೀಕೆರೆಗೆ ಕಾಲೇಜಿಗೆ ಹೋಗುತ್ತಿದ್ದಾಗ ಅವ್ವ ಕೇಳುತ್ತಿದ್ದ ಪ್ರಶ್ನೆ ಇದು. ಈಗ ನನ್ನ ತಮ್ಮನ ಮಗಳನ್ನು ನಾನು ಕೇಳುತ್ತೇನೆ. ನಡುವೆ ನಲವತ್ತು ವರ್ಷ ಕಳೆದಿದೆ. ಉತ್ತರ ಮಾತ್ರ ಅದೇ: “ಇನ್ನೂ ಇಲ್ಲ.”

ದಲಿತ ವಿಮರ್ಶೆ ನಮ್ಮ ಬರಹದಲ್ಲಿ ಹಸಿವನ್ನು ಓದಿದೆ, ಅವಮಾನವನ್ನು ಓದಿದೆ, ಹಾಸ್ಟೆಲಿನ ನೀರುಸಾರನ್ನೂ ಓದಿದೆ. ಕಾಯುವುದನ್ನು ಓದಿಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂದಾಗ ಆ ಹೆಸರಿನಲ್ಲಿದ್ದ ಕೊಂಕನ್ನು ಎಲ್ಲರೂ ಗುರುತಿಸಿದರು. ಸರ್ಕಾರ ಕೂಡಿಸಿ ಉಣ್ಣಿಸುತ್ತಿದೆ ಎಂಬ ಆ ಕೊಂಕಿಗೆ ನಾವು ಕೊಡಬೇಕಾಗಿದ್ದ ಉತ್ತರ ಒಂದೇ: ಯಾವಾಗ ಉಣ್ಣಿಸಿತು, ತಾರೀಖು ಹೇಳಿ. ಆ ತಾರೀಖಿನ ಚರಿತ್ರೆಯನ್ನು ಯಾರಾದರೂ ಬರೆಯಬೇಕಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಅಂಬೇಡ್ಕರರಿಗೆ ಕೊಲಂಬಿಯಾದಲ್ಲಿ ಓದಲು ವಿದ್ಯಾರ್ಥಿವೇತನ ಕೊಟ್ಟರು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಚಾಕರಿ. ಕರಾರು ಕಠಿಣವಾದದ್ದೇ. ಆದರೆ ಎಷ್ಟು ಹಣ, ಎಷ್ಟು ದಿನ, ಬದಲಿಗೆ ಏನು ಎಂಬುದು ಬಿಳಿ ಹಾಳೆಯ ಮೇಲೆ ಇತ್ತು. ಅವಧಿ ಮುಗಿದು 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಅವರು ಬರೋಡಕ್ಕೆ ಬಂದರು. ಅಲ್ಲಿ ತಲೆಯಿಡಲು ಒಂದು ಕೋಣೆ ಸಿಗಲಿಲ್ಲ ಎಂಬುದು ಎಲ್ಲರೂ ಬಲ್ಲ ಕಥೆ. ವಿದ್ಯಾರ್ಥಿವೇತನ ಎಂಬುದು ಒಬ್ಬ ರಾಜನ ಒಳ್ಳೆಯ ಮನಸ್ಸಿಗೆ ಬಿಟ್ಟ ವಿಷಯವಾಗಬಾರದು ಎಂದು ಅವರಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನು? 1942ರ ಅಕ್ಟೋಬರಿನಲ್ಲಿ, ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದಾಗ, ಪರಿಶಿಷ್ಟರ ಕುಂದುಕೊರತೆಗಳ ಮನವಿಯನ್ನು ಲಿನ್‌ಲಿತ್‌ಗೋ ಕೈಗೆ ಕೊಟ್ಟರು. ಅದರಲ್ಲಿ ವಿದ್ಯಾರ್ಥಿವೇತನದ ಬೇಡಿಕೆಯೂ ಇತ್ತು. ಅದರ ಬೆನ್ನಿಗೇ ವರ್ಷಕ್ಕೆ ಮೂರು ಲಕ್ಷ ರೂಪಾಯಿ ಮಂಜೂರಾಗಿ, 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ನಮ್ಮ ಹುಡುಗಿ ಮೊಬೈಲಿನಲ್ಲಿ ಇವತ್ತು ಹುಡುಕುತ್ತಿರುವುದು ಇದೇ ದುಡ್ಡನ್ನು. ಭಿಕ್ಷೆ ಎಂದು ಹೇಳುವವರು ಈ ವರ್ಷಗಳನ್ನು ನೆನಪಿಟ್ಟುಕೊಳ್ಳಲಿ.

ಮೈಸೂರು ಸಂಸ್ಥಾನದಲ್ಲಿ 1918ರಲ್ಲೇ ಮಿಲ್ಲರ್ ಸಮಿತಿ ಕೂತಿತ್ತು. ಹಿಂದುಳಿದವರ ಓದಿಗೆ ನೆರವು ಕೊಡಿ ಎಂದು 1919ರಲ್ಲಿ ವರದಿ ಕೊಟ್ಟಿತು. ಆದರೆ ಬ್ರಾಹ್ಮಣರಲ್ಲದವರೆಲ್ಲ ಹೆಚ್ಚುಕಡಿಮೆ ಒಂದೇ ಚಾಪೆಯ ಮೇಲೆ ಕೂತದ್ದರಿಂದ, ಚಾಪೆಯ ಅಂಚಿನಲ್ಲಿದ್ದ ನಮ್ಮವರಿಗೆ ಎಷ್ಟು ದಕ್ಕಿತು ಎಂಬುದು ಬೇರೆ ಮಾತು.

ನಮ್ಮ ಮಗ್ಗುಲಿನ ಬೇಲೂರಿನ ದೇವಸ್ಥಾನದೊಳಕ್ಕೆ ತಿರುಕುಲದವರಿಗೆ ಗೊತ್ತಾದ ದಿನಗಳಲ್ಲಿ ಮಾತ್ರ ಪ್ರವೇಶವಿತ್ತು ಎಂದು ಲೂಯಿಸ್ ರೈಸ್ ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಅನ್ಯಾಯವೇ ಸರಿ, ಆದರೆ ದಿನವಾದರೂ ಗೊತ್ತಿತ್ತು! ನಮ್ಮ ಕಾಲೇಜಿನ ನೋಟೀಸು ಬೋರ್ಡಿಗೆ ಆ ಮರ್ಯಾದೆಯೂ ಇರಲಿಲ್ಲ. ಜೂನ್ ಜುಲೈನಲ್ಲಿ ಅರ್ಜಿ ಹಾಕಿದರೆ ಪರೀಕ್ಷೆ ಹತ್ತಿರ ಬಂದಾಗ ಒಂದು ಪಟ್ಟಿ ಅಂಟಿಸುತ್ತಿದ್ದರು. ಅಲ್ಲಿಯವರೆಗೆ ಅರ್ಜಿಯ ಸ್ಥಿತಿ ತಿಳಿಯಲು ಇದ್ದದ್ದು ಗುಮಾಸ್ತರ ಮುಖ ಒಂದೇ. “ಫೈಲು ಹಾಸನಕ್ಕೆ ಹೋಗೈತೆ”, “ಬಜೆಟ್ ಬಂದಿಲ್ಲ”, “ಮುಂದಿನ ವಾರ ಬಾ.” ನಾವು ಈ ಮೂರು ವಾಕ್ಯಗಳನ್ನು ಪಠ್ಯದ ಹಾಗೆ ಅರ್ಥೈಸುತ್ತಿದ್ದೆವು. ಮೊದಲನೆಯದಕ್ಕೆ ಅರ್ಥ, ಫೈಲು ಇಲ್ಲೇ ಇದೆ. ಮೂರನೆಯದಕ್ಕೆ ಅರ್ಥ ಹೇಳಬೇಕಾಗಿಲ್ಲ. ದುಡ್ಡು ಬಂದ ದಿನ ರೆವೆನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿಸಿಕೊಂಡು, ಫೀಜು ಬಾಕಿ ಮುರಿದು, ಉಳಿದದ್ದನ್ನು ಎಣಿಸಿ ಕೊಡುತ್ತಿದ್ದರು. ಆ ಹೊತ್ತಿಗೆ ಅಪ್ಪ ತೆಂಗಿನಕಾಯಿ ಮಂಡಿಯವರ ಹತ್ತಿರ ತಂದ ಸಾಲಕ್ಕೆ ಬಡ್ಡಿ ಬೆಳೆದಿರುತ್ತಿತ್ತು. ವಿದ್ಯಾರ್ಥಿವೇತನ ಓದಿಸಿತು ಎನ್ನುವುದು ಅರ್ಧ ನಿಜ. ಓದಿಸಿದ್ದು ಸಾಲ. ವಿದ್ಯಾರ್ಥಿವೇತನ ಆ ಸಾಲ ತೀರಿಸಿತು, ಅದೂ ಬಡ್ಡಿ ಬಿಟ್ಟು.

ತಡವಾಗುವುದು ಬರೀ ಗುಮಾಸ್ತರ ಸೋಮಾರಿತನ ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಅದಕ್ಕೊಂದು ಲೆಕ್ಕಾಚಾರವಿತ್ತು. ಪಂಚವಾರ್ಷಿಕ ಯೋಜನೆಯ ಕೊನೆಯ ವರ್ಷದಲ್ಲಿ ಎಷ್ಟು ಹಣದ ಬೇಡಿಕೆಯಿತ್ತೋ ಅಷ್ಟೂ ಹೊರೆ ಮುಂದೆ ರಾಜ್ಯದ್ದೇ. ಅದಕ್ಕಿಂತ ಹೆಚ್ಚಾದದ್ದನ್ನು ಮಾತ್ರ ಕೇಂದ್ರ ಕೊಡುತ್ತದೆ. ಇದು ಸೂತ್ರ. ಓದುವ ದಲಿತರು ಹೆಚ್ಚಾದಷ್ಟೂ ಮುಂದಿನ ಯೋಜನೆಯಲ್ಲಿ ರಾಜ್ಯದ ಹೆಗಲಿನ ಭಾರ ಹೆಚ್ಚು. 2017ರಲ್ಲಿ 12ನೇ ಯೋಜನೆ ಮುಗಿದ ಮೇಲೆ ದೇಶದ ಅನೇಕ ರಾಜ್ಯಗಳು ಈ ಭಾರಕ್ಕೆ ತತ್ತರಿಸಿದವು. ಕಡೆಗೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಸೂತ್ರವನ್ನು ಬದಲಿಸಿತು. 2025-26ರವರೆಗೆ 59,048 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರದ್ದು ಶೇಕಡ 60, ರಾಜ್ಯಗಳದ್ದು 40. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ. ಅರ್ಧ ಹಣ ಬಂದು ಉಳಿದರ್ಧ ಏನಾಯಿತು ಎಂದು ತಲೆ ಕೆಡಿಸಿಕೊಳ್ಳುವ ಹುಡುಗರು ಇದನ್ನು ತಿಳಿದಿರಬೇಕು. ಅದು ಎರಡು ಕೈಗಳಿಂದ ಎರಡು ಸಲ ಬರುವ ದುಡ್ಡು.

ಈಗ ತಮ್ಮನ ಮಗಳ ವಿಷಯ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಿದಳು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು, ಇ-ದೃಢೀಕರಣ, ಇಲಾಖೆಯ ಒಪ್ಪಿಗೆ ಎಲ್ಲ ಒಂದೊಂದೇ ದಾಟಿತು. ಗುಮಾಸ್ತರ ಮುಖ ನೋಡುವುದು ತಪ್ಪಿತಲ್ಲ ಎಂದು ನನಗೆ ಖುಷಿಯೇ ಆಯಿತು. ಒಂದು ದಿನ ಫೋನು ಮಾಡಿದಳು.

“ದೊಡ್ಡಪ್ಪ, ಹಣ ಜಮೆ ಆಗೈತೆ ಅಂತ ತೋರಿಸ್ತೈತೆ. ನನ್ನ ಪಾಸ್‌ಬುಕ್ಕಲ್ಲಿ ಒಂದು ರೂಪಾಯೂ ಇಲ್ಲ.”

ಪೇಟೆಗೆ ಹೋಗಿ ವಿಚಾರಿಸಿದೆವು. ಅರ್ಜಿಯಲ್ಲಿ ಖಾತೆ ನಂಬರು ಬರೆದರೆ ಹಣ ಅಲ್ಲಿಗೇ ಬರುತ್ತದೆ ಎಂದು ನಾವು ನಂಬಿದ್ದೆವು. ಹಾಗಲ್ಲ. ಹಣ ಹೋಗುವುದು ಆಧಾರ್ ನಂಬರಿನ ಹಿಂದೆ. ಆ ನಂಬರು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನ ಪಟ್ಟಿಯಲ್ಲಿ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಬ್ಯಾಂಕಿಗೆ. ಇವಳು ಹಿಂದೆ ಸಿಮ್ಮು ಕೊಳ್ಳುವಾಗ ಅಂಗಡಿಯವನು ಎರಡು ಸಲ ಬೆರಳು ಒತ್ತಿಸಿಕೊಂಡಿದ್ದ. ಎರಡನೆಯ ಬೆರಳಿಗೆ ಒಂದು ಖಾತೆ ಹುಟ್ಟಿತ್ತು. ಅವಳಿಗೇ ಗೊತ್ತಿಲ್ಲದ ಖಾತೆಯಲ್ಲಿ ಅವಳ ಕಾಲೇಜು ಫೀಜು ಕೂತಿತ್ತು.

ಪೋರ್ಟಲು ಸುಳ್ಳು ಹೇಳಿರಲಿಲ್ಲ. ಅದರ ಮಟ್ಟಿಗೆ ಹಣ ಸಂದಾಯವಾಗಿದೆ, ಅರ್ಜಿ ಮುಗಿದಿದೆ. ಇದನ್ನೇ ನಾನು ವಿಮರ್ಶಕ ಮಿತ್ರರ ಮುಂದೆ ಇಡುತ್ತಿರುವುದು. ‘ಸ್ಥಿತಿ’ ಎಂದು ಪರದೆಯ ಮೇಲೆ ಕಾಣುವುದು ಕಾಗದದ ಸ್ಥಿತಿ, ಓದುವವಳ ಸ್ಥಿತಿಯಲ್ಲ. ಗುಮಾಸ್ತರಾದರೆ ಗದರಿಸಬಹುದಿತ್ತು, ಸಂಘದ ಹುಡುಗರನ್ನು ಕರಕೊಂಡು ಹೋಗಿ ಧರಣಿ ಕೂರಬಹುದಿತ್ತು. ಪರದೆಯ ಮುಂದೆ ಎಲ್ಲಿ ಕೂರುವುದು? ಹಾಗೆಂದು ಹಳೆಯ ಬೋರ್ಡೇ ವಾಸಿ ಎನ್ನುವ ಹುಚ್ಚು ನನಗಿಲ್ಲ. ಆ ಬೋರ್ಡಿನ ಮುಂದೆ ನಮ್ಮ ಜಾತಿಯ ಹೆಸರು ಇಡೀ ಕಾಲೇಜಿಗೆ ಕಾಣುವಂತೆ ವರ್ಷವಿಡೀ ತೂಗುತ್ತಿತ್ತು. ಆ ಪಟ್ಟಿಯಲ್ಲಿ ಹೆಸರಿರುವುದೂ ಕಷ್ಟ, ಇಲ್ಲದಿರುವುದೂ ಕಷ್ಟ.

ಆ ಖಾತೆಯಿಂದ ದುಡ್ಡು ಬಿಡಿಸಲು ಮೂರು ಸಲ ಓಡಾಡಿದೆವು. ಆಮೇಲೆ ತನ್ನ ಬ್ಯಾಂಕಿಗೇ ಆಧಾರ್ ಜೋಡಿಸಿ, ಜೋಡಣೆ ಆಗಿದೆಯೇ ಎಂದು ನೋಡಿಕೊಂಡು ಬಂದಳು. ಈಗ ಕೇರಿಯಲ್ಲಿ ಅರ್ಜಿ ಹಾಕುವ ಹುಡುಗರೆಲ್ಲ ಮೊದಲು ಅವಳ ಹತ್ತಿರ ಬರುತ್ತಾರೆ. ಅವಳು ಜಗಲಿ ಮೇಲೆ ಕೂತು ಒಬ್ಬೊಬ್ಬರದೇ ಮೊಬೈಲು ಈಸಿಕೊಂಡು ಕೇಳುತ್ತಾಳೆ: “ಸಿಮ್ಮು ತಗೊಳ್ಳೋವಾಗ ಎಷ್ಟು ಸಲ ಬೆರಳು ಒತ್ತಿದ್ಯೋ?”