ಔಷಧೀಯ ಗಾಂಜಾ ಮತ್ತು ಪೋಲೀಸರ ಪರಿಶೀಲನೆ: ಕ್ಯಾಲಿಫೋರ್ನಿಯ, ಮಿಷಿಗನ್ ಶಾಸನಗಳ ಒಂದು ವಿವೇಚನೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗಾಂಜಾವನ್ನು ಔಷಧವೆಂದು ಅಂಗೀಕರಿಸಿದ ಶಾಸನಗಳ ಇತಿಹಾಸವನ್ನು ಬೀದಿಯಲ್ಲಿ ನಿಂತು ನೋಡಿದರೆ ಒಂದು ಸಣ್ಣ ಪ್ರಶ್ನೆ ಎದುರಾಗುತ್ತದೆ. ತಡೆದು ನಿಲ್ಲಿಸಿದ ವ್ಯಕ್ತಿ ರೋಗಿಯೋ ಅಪರಾಧಿಯೋ ಎಂಬುದನ್ನು ಪೋಲೀಸಿನವನು ತಿಳಿಯುವ ಬಗೆ ಯಾವುದು?

1996ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮತದಾರರು ಒಪ್ಪಿದ 215ನೆಯ ಪ್ರಸ್ತಾವವು ಇದಕ್ಕೆ ಉತ್ತರವನ್ನೇ ಕೊಡಲಿಲ್ಲ. ವೈದ್ಯನ ಲಿಖಿತ ಅಥವಾ ಮೌಖಿಕ ಸಲಹೆಯೇ ಅದಕ್ಕೆ ಸಾಕಾಗಿತ್ತು, ನೋಂದಾವಣೆಯ ಮಾತಿರಲಿಲ್ಲ. ಬಾಯಿಮಾತಿನ ಸಲಹೆಯನ್ನು ನಡುರಾತ್ರಿಯಲ್ಲಿ ಪರೀಕ್ಷಿಸುವುದೆಂತು? 2002ರಲ್ಲಿ ಮೋವರ್ ಮೊಕದ್ದಮೆಯನ್ನು ವಿಚಾರಿಸಿದ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ಶಾಸನವು ಅಭಿಯೋಗದಿಂದ ಪರಿಮಿತ ರಕ್ಷಣೆಯನ್ನು ನೀಡುತ್ತದೆಯೇ ಹೊರತು ದಸ್ತಗಿರಿಯಿಂದಲ್ಲ ಎಂದಿತು. ರೋಗಿಯು ಮೊದಲು ಠಾಣೆಯನ್ನು ಕಂಡು, ಅನಂತರ ನ್ಯಾಯವನ್ನು ಕಾಣಬೇಕಾಯಿತು.

ಈ ಕೊರತೆಯನ್ನು ತುಂಬಲು 2003ರಲ್ಲಿ ರಚಿತವಾದ ಶಾಸನವು 2004ರ ಜನವರಿ 1ರಿಂದ ಜಾರಿಗೆ ಬಂದಿತು. ರೋಗಿಗೂ ಅವನ ಮುಖ್ಯ ಪರಿಚಾರಕನಿಗೂ ಪ್ರತ್ಯೇಕ ಗುರುತುಚೀಟಿ, ಪಡೆಯುವುದು ಐಚ್ಛಿಕ. ಚೀಟಿಯಲ್ಲಿ ಇರಬೇಕೆಂದು ವಿಧಿಸಿದ ಅಂಶಗಳು ವಿಚಾರಾರ್ಹವಾಗಿವೆ: ಭಾವಚಿತ್ರ, ಅವಧಿ ಮುಗಿಯುವ ದಿನ, ಕೌಂಟಿಯ ಆರೋಗ್ಯ ಇಲಾಖೆಯ ಹೆಸರು ಮತ್ತು ದೂರವಾಣಿ, ಒಂದು ವಿಶಿಷ್ಟ ಸಂಖ್ಯೆ. ರೋಗಿಯ ಹೆಸರಾಗಲಿ ರೋಗದ ಹೆಸರಾಗಲಿ ಆ ಪಟ್ಟಿಯಲ್ಲಿಲ್ಲ. ಹಗಲಿರುಳೂ ತೆರೆದಿರುವ ದೂರವಾಣಿಯ ಮೂಲಕ, ಮುಂದೆ ಅಂತರ್ಜಾಲದ ಮೂಲಕ, ಪೋಲೀಸರು ಚೀಟಿಯ ಸಿಂಧುತ್ವವನ್ನು ತಿಳಿಯಬಹುದಾಗಿತ್ತು. ಸುಳ್ಳೆಂದು ಶಂಕಿಸಲು ಸಕಾರಣವಿಲ್ಲದೆ ಅದನ್ನು ನಿರಾಕರಿಸುವಂತಿರಲಿಲ್ಲ. ‘ಇವನಾರು?’ ಎಂಬ ಪ್ರಶ್ನೆಯನ್ನು ‘ಈ ಸಂಖ್ಯೆ ಸರಿಯೆ?’ ಎಂಬುದಕ್ಕೆ ಇಳಿಸಿದುದೇ ಈ ಏರ್ಪಾಡಿನ ಜಾಣ್ಮೆಯೆಂದು ನನ್ನ ಅಭಿಪ್ರಾಯ.

ಪರಿಚಾರಕನ ವಿಷಯದಲ್ಲಿ ಮಾತ್ರ ಸಂಖ್ಯೆ ಅರ್ಧಸಾಕ್ಷಿ. 2008ರ ಮೆಂಚ್ ತೀರ್ಪಿನಂತೆ, ಗಾಂಜಾ ಒದಗಿಸಿದ ಮಾತ್ರಕ್ಕೆ ಒಬ್ಬನು ಪರಿಚಾರಕನಾಗನು. ಅದಕ್ಕೆ ಮೊದಲೇ ಅಥವಾ ಅದರೊಡನೆಯೇ, ರೋಗಿಯ ವಸತಿ, ಆರೋಗ್ಯ, ಕ್ಷೇಮಗಳ ಹೊಣೆಯನ್ನು ಸತತವಾಗಿ ಹೊತ್ತಿರಬೇಕು. ಅಂಥ ಸೇವೆಯನ್ನು ದೂರವಾಣಿಯಲ್ಲಿ ಅಳೆಯಲಾಗದು.

ಹೆಸರಿಗೆ ಇಷ್ಟು ಹೆದರಿಕೆಯೇಕೆ? 1970ರ ಕೇಂದ್ರ ಶಾಸನವು ಗಾಂಜಾವನ್ನು ಮೊದಲನೆಯ ಅನುಸೂಚಿಯಲ್ಲಿ ನಿಷೇಧಿಸಿತ್ತು. ರಾಜ್ಯದ ಕಣ್ಣಿಗೆ ರೋಗಿಗಳ ಪಟ್ಟಿಯಾದುದು ಕೇಂದ್ರದ ಕಣ್ಣಿಗೆ ತಪ್ಪೊಪ್ಪಿಗೆಗಳ ಪಟ್ಟಿ. 2005ರ ಜೂನಿನಲ್ಲಿ ರಾಯ್ಚ್ ಮೊಕದ್ದಮೆಯಲ್ಲಿ ಕೇಂದ್ರದ ಅಧಿಕಾರ ಸ್ಥಿರಪಟ್ಟಾಗ, ಕ್ಯಾಲಿಫೋರ್ನಿಯವು ಜುಲೈಯಲ್ಲಿ ಕೆಲವು ದಿನ ಚೀಟಿಗಳನ್ನು ಕೊಡುವುದನ್ನೇ ನಿಲ್ಲಿಸಿ, ಬಳಿಕ ಪುನಃ ಆರಂಭಿಸಿತು.

ಮಿಷಿಗನ್ನಿನ 2008ರ ಶಾಸನ ಇನ್ನೂ ಬಿಗಿ. ಇಲಾಖೆಯು ಚೀಟಿ ಸಿಂಧುವೆ ಎಂಬುದನ್ನು ಪೋಲೀಸರಿಗೆ ತಿಳಿಸಬೇಕು; ಅದಕ್ಕೆ ಅಗತ್ಯವಾದುದಕ್ಕಿಂತ ಹೆಚ್ಚನ್ನು ಹೇಳಕೂಡದು. ಗೋಪ್ಯವನ್ನು ಬಯಲುಮಾಡಿದ ನೌಕರನಿಗೆ ಆರು ತಿಂಗಳವರೆಗೆ ಸೆರೆ ಅಥವಾ 1,000 ಡಾಲರುಗಳವರೆಗೆ ದಂಡ, ಅಥವಾ ಎರಡೂ. ಆದರೂ ಕೇಂದ್ರದ ಮಾದಕದ್ರವ್ಯ ನಿಗ್ರಹ ಸಂಸ್ಥೆಯು ಲ್ಯಾನ್ಸಿಂಗ್ ಪ್ರದೇಶದ ಏಳು ಮಂದಿಯ ದಾಖಲೆಗಳನ್ನು ಕೇಳಿದಾಗ ರಾಜ್ಯದ ಕಟ್ಟು ಕೇಂದ್ರಕ್ಕೆ ಅನ್ವಯಿಸಲಿಲ್ಲ. ದಾಖಲೆಗಳನ್ನು ಒಪ್ಪಿಸಬೇಕೆಂದು 2011ರ ಜೂನಿನಲ್ಲಿ ಕೇಂದ್ರ ನ್ಯಾಯಾಲಯವು ಆಜ್ಞಾಪಿಸಿತು.